ಚಿಗರಿಗೆ ದಾರಿ ಬಿಟ್ಟವರು ಟೋಲ್‌ನಲ್ಲಿ ಬಸ್ ಮರೆತರು

ಲಕಮನಹಳ್ಳಿ: ಇಲ್ಲಿ ಪಿ.ಬಿ. ರಸ್ತೆ ನಡುವೆ ಚಿಗರಿ ಬಸ್ಸಿಗೇ ಅಂತ ಪ್ರತ್ಯೇಕ ಪಥ ಐತಿ. 2018ರ ಅಕ್ಟೋಬರ್‌ನಿಂದ ಬಸ್ ಓಡ್ತಿವೆ. ಅಗಲೀಕರಣದಲ್ಲಿ ಜಾಗ ಕಳಕೊಂಡವರ ಸಿಟ್ಟು ಇನ್ನೂ ಆರಿಲ್ಲ, ಮಳೆ ಬಂದರೆ ಟೋಲ್ ನಾಕಾದಲ್ಲಿ ನೀರು ನಿಲ್ಲೋದೂ ತಪ್ಪಿಲ್ಲ. ಆದರೂ ಕಾರಿನ ಸಾಲಿನಲ್ಲಿ ಚಿಗರಿ ಸಿಕ್ಕಿಬೀಳೋದಿಲ್ಲ.

ಹೆದ್ದಾರಿ ಟೋಲ್‌ನಲ್ಲಿ ಲೆಕ್ಕ ಉಲ್ಟಾ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮದಲ್ಲಿ ಎರಡು ಆಕ್ಸಲ್ ಬಸ್ಸೂ ಲಾರಿಯೂ ಒಂದೇ ವರ್ಗ. ಐವತ್ತು ಮಂದಿ ಇದ್ದರೂ ಅಷ್ಟೇ, ಸಿಮೆಂಟ್ ಚೀಲ ಇದ್ದರೂ ಅಷ್ಟೇ. ನಿಲ್ಲೋದೂ ಅದೇ ಸಾಲಿನಲ್ಲಿ. 2025ರ ಆಗಸ್ಟ್ 15ರಂದು 3,000 ರೂಪಾಯಿ ದರದಲ್ಲಿ ಶುರುವಾದ ವಾರ್ಷಿಕ ಫಾಸ್ಟ್ಯಾಗ್ ಪಾಸ್ (ವರ್ಷ ಅಥವಾ 200 ಸಲ) ಖಾಸಗಿ ಕಾರು, ಜೀಪು, ವ್ಯಾನಿಗೆ ಮಾತ್ರ. ಒಬ್ಬರೇ ಹೋಗುವ ಕಾರಿಗೆ ರಿಯಾಯಿತಿ, ಬಸ್ಸಿಗಿಲ್ಲ!

ನಾಲ್ವರು ಸೇರಿ ಹೋಗುವ ಕಾರಿಗೆ ಇನ್ನಷ್ಟು ರಿಯಾಯಿತಿ ಕೊಡೋದು ಕಷ್ಟ. ಫಾಸ್ಟ್ಯಾಗ್ ಗಾಡಿ ಗುರುತಿಸುತ್ತೆ, ತಲೆ ಎಣಿಸೋದಿಲ್ಲ. ವೈಟ್ ಬೋರ್ಡ್ ಗಾಡಿಯಲ್ಲಿ ಸೀಟಿಗಿಷ್ಟು ಅಂತ ವಸೂಲಿ ಮಾಡುವವರೂ ಅದರಲ್ಲೇ ನುಸುಳ್ತಾರೆ. ಬಸ್ಸಿಗೆ ಆ ತೊಡಕಿಲ್ಲ. ಟ್ಯಾಗ್‌ಗೆ ಗಾಡಿ ನಂಬರ್ ಜೋಡಿಸಿರ್ತಾರೆ, ಸಾರಿಗೆ ಸಂಸ್ಥೆ ಬಸ್ ಯಾವುದು ಅಂತ ತಿಳಿಯುತ್ತೆ. ಬೆಳಿಗ್ಗೆ-ಸಂಜೆ ಒಂದು ಲೇನ್ ಬಸ್ಸಿಗೆ ಬಿಟ್ಟರೆ ಶಿಫ್ಟಿಗೆ ಹೋಗುವ ಕಾರ್ಮಿಕರಿಗೂ ಅಂಗಡಿಕಾರರಿಗೂ ಹೊತ್ತು ಉಳಿಯುತ್ತೆ. ಬೈಪಾಸ್ ಆರು ಪಥಕ್ಕೆ ಅಗಲವಾಗುತ್ತಿರುವಾಗಲೇ ಇದನ್ನ ಕೇಳಬೇಕು. ಕಾಂಕ್ರೀಟ್ ಬಿದ್ದ ಮೇಲೆ ಲೇನ್ ಹುಡುಕೋದು ಕಷ್ಟ.