ನಾಯಿಯ ಓಟ, ಒಡೆಯನ ಹೊಣೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಗ್ರಾಮವಿದೆ. ಅಲ್ಲಿ ದೊರೆತ, ಕ್ರಿ.ಶ. 949-50ರ ಸುಮಾರಿನ ಒಂದು ಶಿಲಾಶಾಸನವು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧವನ್ನು ತಿಳಿಸುವ ಈ ಕಲ್ಲು, ಅದರೊಡನೆಯೇ ಒಂದು ನಾಯಿಯ ಕಥೆಯನ್ನೂ ತಿಳಿಸುತ್ತದೆ. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರನು ಬಹುಮಾನವಾಗಿ ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ, ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಎರಗಿತು. ಹೋರಾಟದಲ್ಲಿ ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗಾಗಿ ಕಲ್ಲು ನೆಟ್ಟು, ಭೂಮಿಯನ್ನು ದತ್ತಿಯಾಗಿ ಬಿಡಲಾಯಿತು. ಕನ್ನಡ ನಾಡಿನಲ್ಲಿ ನಾಯಿಗೆ ಸಂದ ಗೌರವಕ್ಕೆ ಇದಕ್ಕಿಂತ ಹಿರಿದಾದ ಸಾಕ್ಷಿ ಬೇಕಿಲ್ಲ.

ಆ ಕಾಲಕ್ಕೂ ಈ ಕಾಲಕ್ಕೂ ನಡುವೆ ಸಾವಿರ ವರ್ಷಗಳು ಕಳೆದಿವೆ. ಅಂದು ಕಾಡು ವಿಸ್ತಾರವಾಗಿತ್ತು, ಊರು ಚಿಕ್ಕದಾಗಿತ್ತು. ಬೇಟೆ ಅಂದಿನವರಿಗೆ ಶೌರ್ಯದ ಗುರುತಾಗಿತ್ತು. ಒಡೆಯನು ಬಯಸಿಯೇ ನಾಯಿಯನ್ನು ಬೇಟೆಗೆ ಬಿಡುತ್ತಿದ್ದನು. ಇಂದು ಕಾಡು ಕಿರಿದಾಗಿದೆ, ಬೇಟೆ ಅಪರಾಧವಾಗಿದೆ. ಆದರೂ ಬೇಟೆ ನಿಂತಿದೆಯೆಂದು ಹೇಳುವಂತಿಲ್ಲ. ಒಡೆಯನು ಬಯಸದೆಯೇ, ಎಷ್ಟೋ ಸಲ ಅವನ ಅರಿವಿಗೂ ಬಾರದೆ, ಬೇಟೆ ನಡೆಯುತ್ತಲೇ ಇದೆ. ಅದು ನಡೆಯುವುದು ಸಾಕುನಾಯಿಯನ್ನು ವಾಯುಸೇವನೆಗೆ ಕರೆದೊಯ್ಯುವ ಹೊತ್ತಿನಲ್ಲಿ.

ಊರ ಹೊರಗಿನ ಕೆರೆಯ ಏರಿ, ಗೋಮಾಳ, ಕುರುಚಲು ಕಾಡು, ಹುಲ್ಲುಗಾವಲು ಇವೆಲ್ಲ ಬೆಳಗಿನ ಮತ್ತು ಸಂಜೆಯ ಸಂಚಾರಕ್ಕೆ ಹೇಳಿ ಮಾಡಿಸಿದ ಜಾಗಗಳು. ಅಲ್ಲಿ ತಲುಪಿದೊಡನೆ ಒಡೆಯನು ನಾಯಿಯ ಸರಪಳಿಯನ್ನು ಕಳಚುತ್ತಾನೆ. ನಾಯಿ ನೆಲವನ್ನು ಮೂಸುತ್ತ ಮುಂದೆ ಸಾಗುತ್ತದೆ. ಪೊದೆಯೊಳಗಿಂದ ಮೊಲವೊಂದು ಚಿಮ್ಮಿ ಓಡಿದರೆ ಮುಗಿಯಿತು. ಒಡೆಯನ ಕೂಗೂ ಕೇಳಿಸದು, ಸಿಳ್ಳೂ ಕೇಳಿಸದು. ಹತ್ತು ನಿಮಿಷದ ಮೇಲೆ ನಾಯಿ ನಾಲಗೆ ಚಾಚಿ ಏದುತ್ತ ಮರಳಿ ಬರುತ್ತದೆ. ಒಡೆಯನು ನಕ್ಕು ಅದರ ಬೆನ್ನು ಸವರುತ್ತಾನೆ. ಪೊದೆಯ ಆಚೆ ಏನಾಯಿತೆಂಬುದನ್ನು ಅವನು ನೋಡಿಲ್ಲ. ನೋಡಿಲ್ಲವಾದ್ದರಿಂದ ಏನೂ ಆಗಿಲ್ಲವೆಂದೇ ನಂಬುತ್ತಾನೆ.

ಇದರಲ್ಲಿ ನಾಯಿಯ ತಪ್ಪೇನೂ ಇಲ್ಲ. ನಾಯಿ ತೋಳದ ವಂಶದ ಪ್ರಾಣಿ. ಅದು ಮನುಷ್ಯನ ಸಹವಾಸಕ್ಕೆ ಬಂದು ಕನಿಷ್ಠ 15,000 ವರ್ಷಗಳಾಗಿವೆಯೆಂದು ವಿಜ್ಞಾನಿಗಳು ಹೇಳುತ್ತಾರೆ. ದಿಟ್ಟಿಸಿ ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು ಇವು ತೋಳದ ಬೇಟೆಯ ಮೆಟ್ಟಿಲುಗಳು. ಮನುಷ್ಯನು ತನ್ನ ಅಗತ್ಯಕ್ಕೆ ತಕ್ಕಂತೆ ಇವುಗಳಲ್ಲಿ ಕೆಲವನ್ನು ಬಲಪಡಿಸಿ, ಕೆಲವನ್ನು ಕುಗ್ಗಿಸಿ, ಬೇರೆ ಬೇರೆ ತಳಿಗಳನ್ನು ಬೆಳೆಸಿದನು. ಕುರಿ ಕಾಯುವ ನಾಯಿ ಹಿಂಡನ್ನು ಸುತ್ತುವರಿದರೂ ಕಚ್ಚದು. ಮುಧೋಳದ ನಾಯಿ ದೂರದ ಚಲನೆಯನ್ನು ಕಣ್ಣಿನಿಂದಲೇ ಗುರುತಿಸಿ ಬಾಣದಂತೆ ಓಡುವುದು. ತಳಿ ಯಾವುದಾದರೂ ಅಟ್ಟುವ ಬಯಕೆ ಪೂರ್ಣವಾಗಿ ಅಳಿದಿಲ್ಲ. ಅದು ಹಸಿವನ್ನು ಅವಲಂಬಿಸಿಯೂ ಇಲ್ಲ. ಹೊಟ್ಟೆ ತುಂಬಿದ ನಾಯಿಯೂ ಓಡುವ ಪ್ರಾಣಿಯನ್ನು ಕಂಡರೆ ಓಡುತ್ತದೆ. ಆದುದರಿಂದ ‘ಮನೆಯಲ್ಲಿ ಅನ್ನ ಹಾಕುತ್ತೇವೆ, ಅದು ಬೇಟೆಯಾಡುವುದಿಲ್ಲ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

‘ಅದು ಕೊಲ್ಲುವುದಿಲ್ಲ, ಸುಮ್ಮನೆ ಆಟವಾಡುತ್ತದೆ’ ಎನ್ನುವವರೂ ಉಂಟು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಹುಟ್ಟಿದ್ದೇ ಇಂತಹ ಮಾತಿಗೆ ಉತ್ತರವಾಗಿ. ಹಲ್ಲು ತಾಗದಿದ್ದರೂ ಅಟ್ಟುವಿಕೆಯೊಂದೇ ಪ್ರಾಣ ತೆಗೆಯಬಲ್ಲದು. ಜಿಂಕೆ, ಕೃಷ್ಣಮೃಗಗಳಂತಹ ಪ್ರಾಣಿಗಳು ಮಿತಿಮೀರಿದ ಭಯದಿಂದ ಶಕ್ತಿಮೀರಿ ಓಡಿದಾಗ ಅವುಗಳ ಸ್ನಾಯುಗಳು ಒಳಗೊಳಗೇ ಹಾಳಾಗುತ್ತವೆ. ಅದರಿಂದ ಹೃದಯಕ್ಕೂ ಮೂತ್ರಪಿಂಡಗಳಿಗೂ ಹಾನಿಯುಂಟಾಗುತ್ತದೆ. ತಪ್ಪಿಸಿಕೊಂಡಿತೆಂದು ತೋರಿದ ಪ್ರಾಣಿ ಕೆಲವು ಗಂಟೆಗಳ ಅಥವಾ ದಿನಗಳ ಅನಂತರ ಸಾಯುವುದುಂಟು. ಗರ್ಭ ಧರಿಸಿದ ಪ್ರಾಣಿಗೂ ಎಳೆಯ ಮರಿಗೂ ಈ ಅಪಾಯ ಇನ್ನೂ ಹೆಚ್ಚು.

ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಪಾಡು ಬೇರೆ ಬಗೆಯದು. ಟಿಟ್ಟಿಭ ಹಕ್ಕಿ ಗೂಡು ಕಟ್ಟುವುದಿಲ್ಲ. ಬಯಲಿನ ಕಲ್ಲುಗಳ ನಡುವೆ, ಕಲ್ಲಿನ ಬಣ್ಣದ್ದೇ ಆದ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಬೇಸಗೆಯ ಉರಿಬಿಸಿಲಿನಲ್ಲಿ ಆ ಮೊಟ್ಟೆಗಳಿಗೆ ಕಾವಿಗಿಂತ ತಂಪೇ ಮುಖ್ಯ. ಆದುದರಿಂದ ತಾಯಿತಂದೆಗಳು ಸರದಿಯ ಮೇಲೆ ನೆರಳಾಗಿ ನಿಲ್ಲುತ್ತವೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿ ತಂದು ಮೊಟ್ಟೆಗಳನ್ನು ತಣಿಸುತ್ತವೆ. ನಾಯಿಯೊಂದು ಅತ್ತಿತ್ತ ಸುಳಿದಾಡತೊಡಗಿದರೆ ಹಕ್ಕಿ ಚೀರುತ್ತ ಮೇಲೇಳಲೇಬೇಕು. ಅದು ಆಕಾಶದಲ್ಲಿ ಸುತ್ತುವಷ್ಟು ಹೊತ್ತೂ ಮೊಟ್ಟೆಗಳು ಬಿಸಿಲಿನಲ್ಲಿ ಬೇಯುತ್ತವೆ, ಇಲ್ಲವೆ ಕಾಗೆಯ ಕಣ್ಣಿಗೆ ಬೀಳುತ್ತವೆ. ನಾಯಿ ಮೊಟ್ಟೆಯನ್ನು ಮುಟ್ಟಿರುವುದಿಲ್ಲ. ಆದರೂ ಆ ವರ್ಷದ ಸಂತಾನ ನಾಶವಾಗಿರುತ್ತದೆ.

ಒಂದು ನಾಯಿಯಿಂದ ಎಷ್ಟು ಹಾನಿಯಾದೀತು ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ನ್ಯೂಜಿಲೆಂಡ್ ದೇಶದಲ್ಲಿ 1987ರಲ್ಲಿ ನಡೆದ ಘಟನೆಯೇ ಉತ್ತರ. ಅಲ್ಲಿನ ವೈಟಾಂಗಿ ಅರಣ್ಯದಲ್ಲಿ ಹಾರಲಾರದ ಕಿವಿ ಹಕ್ಕಿಗಳು ಸುಮಾರು 900 ಇದ್ದವು. ಅವುಗಳ ಬಾಳನ್ನು ಅಭ್ಯಾಸ ಮಾಡುವುದಕ್ಕಾಗಿ 24 ಹಕ್ಕಿಗಳಿಗೆ ರೇಡಿಯೋ ಸಾಧನಗಳನ್ನು ಕಟ್ಟಲಾಗಿತ್ತು. ಕೆಲವೇ ವಾರಗಳಲ್ಲಿ ಅವುಗಳ ಪೈಕಿ 13 ಹಕ್ಕಿಗಳು ಸತ್ತು ಬಿದ್ದುದು ಕಂಡುಬಂದಿತು. ಹುಡುಕಿದಾಗ ಸಿಕ್ಕಿದ ಕೊಲೆಗಾರ ಒಂದೇ ಒಂದು ಆಲ್ಸೇಷಿಯನ್ ನಾಯಿ. ಅದನ್ನು ಕೊಂದ ಮೇಲೆ ಸಾವುಗಳು ನಿಂತವು. ಇಡೀ ಕಾಡಿನಲ್ಲಿ ಅದು ಕೊಂದ ಹಕ್ಕಿಗಳ ಸಂಖ್ಯೆ 500ರಷ್ಟು ಇದ್ದಿರಬಹುದೆಂದು ಅಂದಾಜು ಮಾಡಲಾಯಿತು. ತಪ್ಪು ಮಾಡಿದವನು ಆ ನಾಯಿಯನ್ನು ಅಲೆಯಲು ಬಿಟ್ಟ ಮನುಷ್ಯ. ಪ್ರಾಣ ತೆತ್ತವರು ಹಕ್ಕಿಗಳು ಮತ್ತು ನಾಯಿ.

ಹಲ್ಲು, ಉಗುರುಗಳಿಗಿಂತ ಸೂಕ್ಷ್ಮವಾದ ಮತ್ತೊಂದು ಅಪಾಯವಿದೆ. ಅದು ರೋಗ. ಲಸಿಕೆ ಹಾಕಿಸದ ನಾಯಿಗಳಿಂದ ರೇಬೀಸ್, ಡಿಸ್ಟೆಂಪರ್ ಮುಂತಾದ ರೋಗಗಳು ಕಾಡುಪ್ರಾಣಿಗಳಿಗೆ ತಗಲುತ್ತವೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ಹಬ್ಬಿ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ನಾಶವಾಯಿತು. ಸುತ್ತಲಿನ ಹಳ್ಳಿಗಳ ನಾಯಿಗಳೇ ಅದರ ಮೂಲವೆಂದು ಸಂಶೋಧಕರು ಭಾವಿಸಿದರು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಸತ್ತ ಸಿಂಹಗಳಲ್ಲಿ ಇದೇ ರೋಗದ ವೈರಾಣು ಪತ್ತೆಯಾಯಿತು. ಮೊಲವನ್ನು ಅಟ್ಟಿಹೋದ ನಾಯಿ ನರಿಯ ಬಿಲದ ಬಾಯನ್ನೂ ಮೂಸುತ್ತದೆ, ನೀರಿನ ಹೊಂಡದಲ್ಲೂ ಬಾಯಿಡುತ್ತದೆ ಎಂಬುದನ್ನು ಮರೆಯಬಾರದು. ರೋಗ ಅಲ್ಲಿಂದ ನಾಯಿಗೂ, ನಾಯಿಯಿಂದ ಮನೆಯ ಮಕ್ಕಳಿಗೂ ಬರಬಹುದು.

ಇಷ್ಟನ್ನು ಒಪ್ಪಿದವರು ಕೂಡ ಒಂದು ಆಕ್ಷೇಪವನ್ನು ಎತ್ತುವುದುಂಟು: ಕಾಡಿನಲ್ಲಿ ತೋಳ, ನರಿ, ಚಿರತೆಗಳು ದಿನವೂ ಬೇಟೆಯಾಡುತ್ತವೆ, ನಾಯಿ ಒಂದು ಮೊಲವನ್ನು ಹಿಡಿದರೆ ಪ್ರಕೃತಿಗೆ ಆಗುವ ನಷ್ಟವೇನು? ಈ ವಾದ ಮೇಲುನೋಟಕ್ಕೆ ಸರಿಯೆಂದು ತೋರಿದರೂ ಒಂದು ಮುಖ್ಯ ವ್ಯತ್ಯಾಸವನ್ನು ಮರೆಯುತ್ತದೆ. ತೋಳದ ಬಾಳು ಬೇಟೆಯನ್ನೇ ನಂಬಿದೆ. ಮೊಲಗಳು ಕಡಮೆಯಾದರೆ ತೋಳದ ಮರಿಗಳು ಹಸಿಯುತ್ತವೆ, ತೋಳಗಳ ಸಂಖ್ಯೆ ತಗ್ಗುತ್ತದೆ, ಮೊಲಗಳಿಗೆ ಉಸಿರಾಡಲು ಅವಕಾಶ ದೊರೆಯುತ್ತದೆ. ಸಾಕುನಾಯಿಗೆ ಈ ಲೆಕ್ಕ ಅನ್ವಯಿಸದು. ಅದರ ಊಟ ಮನೆಯಲ್ಲಿದೆ. ಬಯಲಿನಲ್ಲಿ ಕೊನೆಯ ಮೊಲ ಸತ್ತರೂ ಅದರ ತಟ್ಟೆ ಬರಿದಾಗದು. ಮನುಷ್ಯನ ಅನ್ನದ ಬಲದಿಂದ ಬೇಟೆಯಾಡುವ ಪ್ರಾಣಿಯನ್ನು ಕಾಡಿನ ಬೇಟೆಗಾರರೊಡನೆ ಹೋಲಿಸುವುದು ನ್ಯಾಯವಲ್ಲ.

ಓಡಿ ತಪ್ಪಿಸಿಕೊಳ್ಳಲು ಕಾಡುಪ್ರಾಣಿಗಳಿಗೆ ಉಳಿದಿರುವ ನೆಲವೂ ಅಲ್ಪ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ಅದರ ವಿಸ್ತೀರ್ಣ 798 ಎಕರೆ. ವೇಗದ ನಾಯಿಯೊಂದು ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಲು ಕೆಲವೇ ನಿಮಿಷಗಳು ಸಾಕು. ಅದರ ಆಚೆ ಹೊಲಗಳು, ಬೇಲಿಗಳು, ರಸ್ತೆಗಳು. ವಿಜಯನಗರದ ಸ್ಥಾಪನೆಯನ್ನು ಕುರಿತ ದಂತಕಥೆಯಲ್ಲಿ ಮೊಲವೊಂದು ತಿರುಗಿ ನಿಂತು ಬೇಟೆನಾಯಿಗಳನ್ನೇ ಅಟ್ಟಿತಂತೆ. ದಂತಕಥೆಯ ಮೊಲಕ್ಕೆ ಆ ಭಾಗ್ಯವಿತ್ತು. ನಿಜವಾದ ಬಯಲಿನ ಮೊಲಕ್ಕೆ ಓಟವನ್ನು ಬಿಟ್ಟರೆ ಬೇರೆ ಗತಿಯಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಅದರ ಪ್ರಕಾರ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ನಾಯಿಗಳಿಂದ ಅಟ್ಟಿಸುವುದು, ಬಲೆಯೊಡ್ಡುವುದು ಮತ್ತು ಹಾಗೆ ಮಾಡಲು ಯತ್ನಿಸುವುದೂ ಬೇಟೆಯೇ. ನವಿಲು, ಕೃಷ್ಣಮೃಗಗಳಿಗೆ ಈ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ. 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ವನ್ಯಜೀವಿಗಳನ್ನು ಕಾಪಾಡುವುದೂ, ಜೀವಿಗಳಲ್ಲಿ ದಯೆ ತೋರುವುದೂ ಸೇರಿವೆ. ‘ನಾಯಿ ತಾನಾಗಿ ಓಡಿತು, ಓಡಿಸಿದವನು ನಾನಲ್ಲ’ ಎಂದು ಒಡೆಯನು ಹೇಳಬಹುದು. ಆದರೆ ನಾಯಿ ಓಡುವುದೆಂದು ತಿಳಿದೂ ಸರಪಳಿಯನ್ನು ಕಳಚಿದ ಕೈ ಯಾರದು? ನಾಯಿಗೆ ಕಾನೂನು ತಿಳಿಯದು. ತಿಳಿದಿರಬೇಕಾದವನು ಸರಪಳಿಯ ಇನ್ನೊಂದು ತುದಿಯಲ್ಲಿರುವವನು.

ಹಾಗೆಂದು ನಾಯಿಯನ್ನು ದಿನವಿಡೀ ಕಟ್ಟಿಹಾಕಬೇಕೆಂದು ಅರ್ಥವಲ್ಲ. ಓಟ ನಾಯಿಯ ಆರೋಗ್ಯಕ್ಕೆ ಅಗತ್ಯ. ಅದಕ್ಕೆ ಬೇಲಿಯಿರುವ ತೋಟವಾಗಲಿ, ಮನೆಯ ಅಂಗಳವಾಗಲಿ ತಕ್ಕ ಸ್ಥಳ. ಬಯಲಿನಲ್ಲಿ ಉದ್ದನೆಯ ಹಗ್ಗವನ್ನು ಕಟ್ಟಿಯೇ ಓಡಾಡಿಸಬಹುದು. ಮರಿಯಾಗಿದ್ದಾಗಿನಿಂದಲೇ ಕರೆದೊಡನೆ ಮರಳಿ ಬರುವ ಶಿಕ್ಷಣವನ್ನು ಕೊಡಬೇಕು. ಆದರೆ ಮೊಲ ಎದುರಾದಾಗ ಆ ಶಿಕ್ಷಣವೊಂದನ್ನೇ ನಂಬಬಾರದು. ಇಂಗ್ಲೆಂಡಿನಲ್ಲಿ 2000ದ ಕಾಯಿದೆಯಂತೆ ಸಾರ್ವಜನಿಕರಿಗೆ ತೆರೆದ ಬಯಲುಗಳಲ್ಲಿ, ನೆಲದ ಹಕ್ಕಿಗಳು ಮರಿ ಮಾಡುವ ಕಾಲವಾದ ಮಾರ್ಚ್ 1ರಿಂದ ಜುಲೈ 31ರವರೆಗೆ, ನಾಯಿಯನ್ನು 2 ಮೀಟರಿಗಿಂತ ಉದ್ದವಲ್ಲದ ಹಗ್ಗದಲ್ಲಿ ಹಿಡಿದಿರಬೇಕು. ಇಂತಹ ಪದ್ಧತಿಯನ್ನು ಕನ್ನಡ ನಾಡಿನ ಊರುಗಳು ತಾವಾಗಿಯೇ ಅನುಸರಿಸಿದರೆ ಯಾರಿಗೂ ನಷ್ಟವಿಲ್ಲ. ಹಗ್ಗದಲ್ಲಿದ್ದರೂ ನಾಯಿಯ ಇರವು ಕೆಲವು ಜೀವಿಗಳಿಗೆ ಭಯಕಾರಿಯೇ. ಆಸ್ಟ್ರೇಲಿಯದ ಸಿಡ್ನಿಯ ಬಳಿಯ ಕಾಡುಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಗ್ಗದಲ್ಲಿ ನಡೆಸಿದ ನಾಯಿಗಳಿಂದಲೂ ದಾರಿಯ ಬದಿಯ ಹಕ್ಕಿಗಳ ಸಂಖ್ಯೆ ನೂರಕ್ಕೆ 41ರಷ್ಟು ಇಳಿದುದು ಕಂಡುಬಂದಿತು. ಆದುದರಿಂದ ಅಭಯಾರಣ್ಯಗಳಿಗೂ, ಹಕ್ಕಿಗಳು ಗೂಡುಮಾಡುವ ಕೆರೆಯಂಗಳಗಳಿಗೂ ನಾಯಿಯನ್ನು ಕರೆದೊಯ್ಯದಿರುವುದೇ ಲೇಸು.

ಹಗ್ಗ ಕಾಡುಪ್ರಾಣಿಯನ್ನು ಮಾತ್ರವಲ್ಲ, ನಾಯಿಯನ್ನೂ ಕಾಯುತ್ತದೆ. ಅಟ್ಟಿಕೊಂಡು ಹೋದ ನಾಯಿ ನಾಗರಹಾವಿನ ಮೇಲೆ ಕಾಲಿಡಬಹುದು, ಹಂದಿಯ ಕೋರೆಗೆ ಸಿಕ್ಕಬಹುದು, ಚಿರತೆಯ ಬಾಯಿಗೆ ಬೀಳಬಹುದು. ಕಾಳಿಯ ಮರಣಕ್ಕೆ ಕಲ್ಲು ನಿಂತಿತು. ಇಂದಿನ ಸಾಕುನಾಯಿ ಹಾಗೆ ಸತ್ತರೆ ಉಳಿಯುವುದು ಮನೆಮಂದಿಯ ಅಳಲು ಮಾತ್ರ.

ನಾಯಿಯನ್ನು ಪ್ರೀತಿಸುವವನು ಪ್ರಾಣಿಪ್ರಿಯನೆಂದು ಕರೆಸಿಕೊಳ್ಳುತ್ತಾನೆ. ಆ ಹೆಸರು ಸಾರ್ಥಕವಾಗಬೇಕಾದರೆ ಪ್ರೀತಿ ತನ್ನ ಮನೆಯ ಬಾಗಿಲಿಗೆ ನಿಲ್ಲಬಾರದು. ಮನೆಯ ನಾಯಿಗೆ ಹೆಸರಿದೆ, ಊಟವಿದೆ, ಕಾಯಿಲೆಯಾದರೆ ವೈದ್ಯರಿದ್ದಾರೆ. ಪೊದೆಯ ಮೊಲಕ್ಕೆ ಇವೊಂದೂ ಇಲ್ಲ. ಅದು ಬೇಡುವುದೂ ಇಲ್ಲ. ತನ್ನ ಪಾಡಿಗೆ ತನ್ನನ್ನು ಬಿಟ್ಟರೆ ಅದಕ್ಕೆ ಅಷ್ಟೇ ಸಾಕು. ಅಷ್ಟನ್ನು ಕೊಡಲು ಮನುಷ್ಯನಿಗೆ ಬೇಕಾದುದು ಒಂದು ಮಾರುದ್ದದ ಹಗ್ಗ, ಮತ್ತು ಅದನ್ನು ಬಿಡದೆ ಹಿಡಿಯುವ ಮನಸ್ಸು.