60 ಹೋಳಿಗಿ, 24 ಎಲಿ

ಈ ಸಲ ಬರಿಯೋದು ಅಡಗಿ ವಿಷಯ ಅಲ್ಲರಿ. ಎದುರುಮನಿ ವೈನಿ ಮಾವಿನಕಾಯಿ ತೊಕ್ಕಿನ ಅಳತಿ ಕೇಳ್ಯಾರ, ಅದು ಮುಂದಿನ ಸಲ. ಇವತ್ತು ಟಿವಿ ಬಗ್ಗೆ ಬರೀತೀನಿ. ‘ನಿನಗ್ಯಾಕ ಬೇಕು ಅದರ ಉಸಾಬರಿ’ ಅಂತ ನಮ್ಮನಿಯವರು ಆಗಲೇ ಅಂದಾಗ್ಯದ. ಆದ್ರ ಆರು ತಿಂಗಳು ಎಲ್ಲಾರೂ ಸೇರಿ ನನ್ನ ಕಣ್ಣಿಗೆ ದೋಷ ಹಚ್ಚಿದ್ರು. 2,600 ರೂಪಾಯಿ ಕೊಟ್ಟು ಹೊಸಾ ಚಷ್ಮಾ ಮಾಡಿಸಿದ್ದಾತು. ಕಡೀಕ ನೋಡಿದ್ರ ತಪ್ಪು ನನ್ನ ಕಣ್ಣಾಗ ಇರಲಿಲ್ಲ, ಟಿವಿ ಸೆಟ್ಟಿಂಗ್‌ನಾಗ ಇತ್ತು. ಇಷ್ಟಾದ ಮ್ಯಾಲೆ ನಾ ಬರೀಲಿಲ್ಲಂದ್ರ ಮತ್ಯಾರು ಬರೀಬೇಕು?

ಹೋದ ದೀಪಾವಳಿಗೆ ಮಗ ದೊಡ್ಡ ಟಿವಿ ತಂದಾ, ಅದರ ಹಿಂದ ಚುಚ್ಚೋ ಕಡ್ಡಿನೂ ತಂದಾ. ಕೇಬಲ್ ತಗಸಿಬಿಟ್ಟಾ. ‘ಅವ್ವಾ, ಇನ್ನ ಅಜ್ಜಿ ತನಗ ಬೇಕಾದ ಸಿನಿಮಾ ಬೇಕಾದಾಗ ನೋಡಬಹುದು’ ಅಂದಾ. ನಮ್ಮ ಅತ್ತಿಗೆ ಈಗ 84. ಮೊಣಕಾಲು ಹಿಡದು ನಾಕು ವರ್ಷಾತು, ಗುಡಿಗೆ ಸೈತ ಹೋಗಲಿಕ್ಕೆ ಆಗೋದಿಲ್ಲ. ಮಧ್ಯಾಹ್ನ ಊಟ ಆದ ಮ್ಯಾಲೆ ಒಂದು ಹಳೇ ಕನ್ನಡ ಸಿನಿಮಾ, ಅವರ ತಿರುಗಾಟ ಅಂದ್ರ ಅದೊಂದ.

ಮೊದಲನೇ ದಿನ ‘ನಾಗರಹಾವು’ ಹಚ್ಚಿದ್ವಿ. 1972ರ ಸಿನಿಮಾ, ಅವರು ಥೇಟರ್‌ನಾಗ ಎರಡು ಸಲ ನೋಡ್ಯಾರ. ಚಿತ್ರದುರ್ಗದ ಕೋಟಿ ಮ್ಯಾಲೆ ಕ್ಯಾಮೆರಾ ಸಾವಕಾಶ ಹೊರಳತದ ನೋಡ್ರಿ, ಅಲ್ಲಿ ಆ ಬಂಡಿಗಲ್ಲು ನುಣ್ಣಗ ಸರೀಲಿಲ್ಲ. ಎಡವಿ ಎಡವಿ ಹೋದಂಗ ಆತು. ಮನಷ್ಯಾರು ನಿಂತು ಮಾತಾಡೋ ಮುಂದ ಏನೂ ಇಲ್ಲ. ಯಾರರ ನಡದ್ರ, ಬಸ್ ಹೋದ್ರ, ಕ್ಯಾಮೆರಾ ತಿರಗಿದ್ರ, ಆಗ ಕಟಕ್ ಕಟಕ್. ನ್ಯೂಸ್ ಹಚ್ಚಿದ್ರ ಕೆಳಗ ಓಡೋ ಅಕ್ಷರದ ಪಟ್ಟಿನೂ ಹಂಗ.

ಮಗಗ ಫೋನ್ ಮಾಡಿ ಹೇಳಿದೆ. ‘ಅವ್ವಾ, ನೆಟ್ ಚೊಲೋ ಅದ, 4ಕೆ ಟಿವಿ ಅದ. ನಿನ್ನ ಚಾಳೀಸ್ ನಂಬರ್ ಏರಿರಬೇಕು ನೋಡಿಸ್ಕೋ’ ಅಂದಾ. ನಮ್ಮನಿಯವರು ‘ನನಗೇನೂ ಕಾಣವಲ್ದು’ ಅಂದ್ರು. ಕಣ್ಣಿನ ಡಾಕ್ಟರ್ ಪೊರಿ ಇಲ್ಲ, ನಂಬರ್ ಒಂಚೂರು ಬದಲಾಗ್ಯದ ಅಂದ್ರು. ಹೊಸಾ ಚಷ್ಮಾ ಬಂತು. ಹಾಕ್ಕೊಂಡು ಕೂತ್ರ ಎಡವೋದು ಇನ್ನೂ ಸ್ವಚ್ಛ ಕಾಣಲಿಕ್ಕೆ ಹತ್ತು!

ನನ್ನದೇನು, ನಾ ಹಂಗ ಸಂಭಾಳಿಸ್ಕೋತಿದ್ದೆ. ಆದ್ರ ಅತ್ತಿ ‘ನೋಡಿದ್ರ ತಲಿ ತಿರಗಿದಂಗ ಆಗತದವಾ, ಬಂದ್ ಮಾಡು’ ಅನ್ನಲಿಕ್ಕೆ ಶುರು ಮಾಡಿದ್ರು. ಬಿಪಿ ನೋಡಿಸಿದ್ವಿ, ಸರಿ ಇತ್ತು. (ತಲಿ ತಿರಗಿದ್ರ ಮೊದಲು ಡಾಕ್ಟರ್ ಕಡೆನ ಹೋಗ್ರಿ, ಟಿವಿ ಕಡೆ ಆಮ್ಯಾಲೆ.) ಮಧ್ಯಾಹ್ನ ಗ್ವಾಡಿ ಕಡೆ ಮಾರಿ ಮಾಡಿ ಮಲಗೋರು. ರಾತ್ರಿ ನಿದ್ದಿ ಬರೋದಿಲ್ಲ, ಒಬ್ರ ಎದ್ದು ಕೂಡೋರು. ‘ವಯಸ್ಸಾತು’ ಅಂದ್ರು ಎಲ್ಲಾರೂ. ನನಗ ಇದ ಸಿಟ್ಟು ಬರೋದು. ಹೆಂಗಸರು ಏನರ ಕಾಣಸ್ತದ ಅಂದ್ರ ಕಣ್ಣಿನ ದೋಷ, ಮುದುಕರು ಅಂದ್ರ ವಯಸ್ಸಿನ ದೋಷ. ಗೋಡಿಗೆ ತೂಗು ಹಾಕಿದ ಯಂತ್ರದ್ದು ಮಾತ್ರ ಏನೂ ತಪ್ಪಿಲ್ಲ!

ನಡಬರಕ ಒಬ್ಬ ಟಿವಿ ರಿಪೇರಿಯಂವನ್ನೂ ಕರಿಸಿದ್ವಿ. ಅಂವ ಐದು ನಿಮಿಷದಾಗ ‘ಮೋಷನ್ ಸ್ಮೂದಿಂಗ್’ ಅನ್ನೋದನ್ನ ಜೋರು ಮಾಡಿ 400 ರೂಪಾಯಿ ಇಸ್ಗೊಂಡು ಹೋದಾ. ಅದೇನು ಮಾಡತದ ಅಂದ್ರ, ಎರಡು ಖರೇ ಚಿತ್ರದ ನಡುವ ಟಿವಿ ತಾನ ಒಂದು ಸುಳ್ಳು ಚಿತ್ರ ಹೊಲದು ಸೇರಸ್ತದ. ಎಡವೋದು ಹೋತು ಖರೇ, ಸಿನಿಮಾನೂ ಹೋತು. ಸಂಜೀ ಸೀರಿಯಲ್ ಇದ್ದಂಗ ಕಾಣಲಿಕ್ಕೆ ಹತ್ತು. ಅತ್ತಿ ಎರಡು ನಿಮಿಷ ನೋಡಿ ‘ಇಂವ ರಾಜಕುಮಾರ್ ಅಲ್ಲವಾ, ಯಾರೋ ಅವನ ವೇಷ ಹಾಕ್ಯಾರ’ ಅಂದ್ರು. ನಾ ನಕ್ಕೆ. ಆಮ್ಯಾಲೆ ತಂಗಿ ಮಗಳು ಹೇಳಿದ್ಲು, ಇದ ಮಾತನ್ನ 2018ರಾಗ ಹಾಲಿವುಡ್‌ನ ಟಾಮ್ ಕ್ರೂಸ್ ವಿಡಿಯೋ ಮಾಡಿ ಹೇಳ್ಯಾನಂತ, ಮನ್ಯಾಗ ಸಿನಿಮಾ ನೋಡೋ ಮುಂದ ಅದನ್ನ ಬಂದ್ ಮಾಡ್ರಿ ಅಂತ. ನಮ್ಮ ಅತ್ತಿ ಮತ್ತ ಟಾಮ್ ಕ್ರೂಸ್ ಒಂದ ಅಭಿಪ್ರಾಯ, ನೋಡ್ರಿ.

ಈ ತಂಗಿ ಮಗಳು ಹುಬ್ಬಳ್ಳ್ಯಾಗ ಮದುವಿ ವಿಡಿಯೋ ಕತ್ತರಿಸಿ ಜೋಡಸೋ ಕೆಲಸ ಮಾಡತಾಳ. ತುಳಸಿ ಲಗ್ನಕ್ಕ ಬಂದಾಕಿ ಟಿವಿ ಮುಂದ ಕೂತು ಒಂದ ನಿಮಿಷದಾಗ ‘ಮೌಶಿ, ನಿಮ್ಮ ಕಣ್ಣು ಛಲೋ ಅವ. ಇದು ಫ್ರೇಮ್ ರೇಟ್ ಹೊಂದವಲ್ದು’ ಅಂದ್ಲು. ಆ ಮಾತು ಕೇಳಿ ನನಗ ಅಕಿಗೆ ಇನ್ನೊಂದು ಹೋಳಿಗಿ ಹಾಕಬೇಕು ಅನ್ನಿಸ್ತು.

ಅಕಿ ಹೇಳಿದ್ದನ್ನ ನನ್ನ ಭಾಷಾದಾಗ ಹೇಳ್ತೀನಿ. ಸಿನಿಮಾ ಅಂದ್ರ ಒಂದು ಸೆಕೆಂಡಿಗೆ 24 ಚಿತ್ರ. ನಮ್ಮ ಟಿವಿ ಒಂದು ಸೆಕೆಂಡಿಗೆ 60 ಸಲ ಪರದೆ ಮ್ಯಾಲೆ ಚಿತ್ರ ಬರೀತದ, ಡಬ್ಬಿ ಮ್ಯಾಲೆ 60 ಹರ್ಟ್ಝ್ ಅಂತಿರತದ, ಅದಕ್ಕ ರಿಫ್ರೆಶ್ ರೇಟ್ ಅಂತಾರ. ಈಗ ಪಂಕ್ತಿ ಹಾಕ್ಯದ ಅಂತ ತಿಳ್ಕೋರಿ. 24 ಎಲಿ, ಬುಟ್ಟ್ಯಾಗ 60 ಹೋಳಿಗಿ. ಹೋಳಿಗಿ ಮುರೀಬಾರದು, ಬುಟ್ಟ್ಯಾಗ ಉಳೀಬಾರದು. ಒಬ್ರಿಗೆ ಎರಡೂವರಿ ಬರತದ, ಬಡಸೋದು ಹೆಂಗ? ಒಬ್ರಿಗೆ ಎರಡು, ಪಕ್ಕದವ್ರಿಗೆ ಮೂರು, ಮತ್ತ ಎರಡು, ಮತ್ತ ಮೂರು. ಟಿವಿನೂ ಅದನ್ನ ಮಾಡತದ. ಒಂದು ಚಿತ್ರ ಎರಡು ಸಲ, ಅದರ ಮುಂದಿನದು ಮೂರು ಸಲ. ಒಂದು ಚಿತ್ರ ಸೆಕೆಂಡಿನ ಮೂವತ್ತನೇ ಪಾಲು ನಿಲ್ಲತದ, ಇನ್ನೊಂದು ಇಪ್ಪತ್ತನೇ ಪಾಲು. ಪಂಕ್ತ್ಯಾಗ ಯಾರೂ ಬಾಯಿ ಬಿಡೋದಿಲ್ಲ, ಆದ್ರ ಎಲ್ಲಾರಿಗೂ ಗೊತ್ತಾಗತದ ಹೌದಲ್ಲೋ? ಕಣ್ಣಿಗೂ ಹಂಗ ಗೊತ್ತಾಗತದ. ಅದ ಆ ಎಡವೋದು.

ಸೀರಿಯಲ್ಲಿನ ಕಥಿ ಬ್ಯಾರೆ. ನಮ್ಮ ದೇಶದ ಕರೆಂಟ್ 50 ಹರ್ಟ್ಝ್. ಅದಕ್ಕ ಹೊಂದೋ ಹಂಗ ದೂರದರ್ಶನದ ಕಾಲದಿಂದ ನಮ್ಮಲ್ಲಿ ಟಿವಿ ಲೆಕ್ಕ ಸೆಕೆಂಡಿಗೆ 25 ಚಿತ್ರ. ಅಮೆರಿಕಾದಾಗ ಕರೆಂಟ್ 60, ಅಲ್ಲಿ 30 ಚಿತ್ರ. 30 ಎಲಿಗೆ 60 ಹೋಳಿಗಿ ಅಂದ್ರ ತಲಾ ಎರಡು, ಜಗಳ ಇಲ್ಲ. ನಮ್ಮ 25 ಎಲಿಗೆ 60 ಬಡಸಬೇಕಂದ್ರ 15 ಮಂದಿಗೆ ಎರಡು, 10 ಮಂದಿಗೆ ಮೂರು. ಕಡ್ಡಿ ನಮ್ಮನಿಗೆ ಬಂದಾಗ 60ಕ್ಕ ನಿಂತಿತ್ತು. ಅಂದ್ರ ನಮ್ಮ ಊರಿನ ಕಾರ್ಯಕ್ರಮಕ್ಕ ಬ್ಯಾರೆ ಊರಿನ ಅಳತಿ. ಮದುವಿ ವಿಡಿಯೋನೂ ತಾವು 25ಕ್ಕ ತಗೀತೀವಿ ಅಂದ್ಲು ಹುಡುಗಿ.

24 ಯಾಕ ಅಂತ ಕೇಳಿದೆ. ಮೂಕಿ ಸಿನಿಮಾ ಕಾಲದಾಗ ಕ್ಯಾಮೆರಾ ಕೈಲೆ ತಿರಗಸ್ತಿದ್ರು, ವೇಗ ಒಬ್ಬೊಬ್ರದು ಒಂದೊಂದು. 1920ರ ದಶಕದ ಕಡೀಕ ಮಾತಿನ ಸಿನಿಮಾ ಬಂದ ಮ್ಯಾಲೆ ಹಂಗ ನಡೀಲಿಲ್ಲ, ವೇಗ ಹೆಚ್ಚು ಕಡಿಮಿ ಆದ್ರ ದನಿ ಕೆಡತದ. 24ಕ್ಕ ಗಟ್ಟಿ ಮಾಡಿದ್ರು. ನಮ್ಮ ಮೊದಲನೇ ಮಾತಿನ ಕನ್ನಡ ಸಿನಿಮಾ ‘ಸತಿ ಸುಲೋಚನ’ ಬಂದದ್ದು 1934ರಾಗ, ಅಷ್ಟೊತ್ತಿಗೆ ಇದ ರೂಢಿ ಆಗಿತ್ತು. ಖರೇ ಹೇಳಬೇಕಂದ್ರ ಈಗ ಬಾಳ ಸಿನಿಮಾ 24ಕ್ಕೂ ಅಲ್ಲ, 23.976ಕ್ಕ ಬರತಾವ. ಅದು ಅಮೆರಿಕಾದ ಕಲರ್ ಟಿವಿ ಲೆಕ್ಕದ ಬಾಲ, 1953ರದು, ಅದನ್ನ ಬಿಡ್ರಿ. ಹಳೇ ಸಿನಿಮಾ ಕೆಲವನ್ನ ಟಿವಿಗಂತ 25ಕ್ಕ ಮಾಡಿಟ್ಟಿರತಾರ. ಯಾವುದು ಎಷ್ಟು ಅಂತ ನಾವು ಎಣಸಬೇಕಿಲ್ಲ, ಕಡ್ಡಿನ ಎಣಸ್ಕೋತದ. ಎಣಸು ಅಂತ ಹೇಳಿರಬೇಕು, ಅಷ್ಟ.

ಹೇಳೋದು ಎಲ್ಲಿ? ಫೈರ್ ಟಿವಿ ಇದ್ದವರು ಸೆಟ್ಟಿಂಗ್ಸ್‌ನಾಗ ‘ಡಿಸ್‌ಪ್ಲೇ ಅಂಡ್ ಸೌಂಡ್ಸ್’, ಅದರಾಗ ‘ಡಿಸ್‌ಪ್ಲೇ’ಕ್ಕ ಹೋದ್ರ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಅಂತ ಅದ. ಆ್ಯಪಲ್ ಟಿವ್ಯಾಗ ‘ವಿಡಿಯೋ ಅಂಡ್ ಆಡಿಯೋ’ದಾಗ ‘ಮ್ಯಾಚ್ ಕಂಟೆಂಟ್’. ಗೂಗಲ್ ಟಿವಿ, ಆಂಡ್ರಾಯ್ಡ್ ಟಿವ್ಯಾಗ ಡಿಸ್‌ಪ್ಲೇ ಸೆಟ್ಟಿಂಗ್‌ನಾಗ ‘ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್’ ಹುಡುಕ್ರಿ, ಒಂದೊಂದು ಪೆಟ್ಟಿಗ್ಯಾಗ ಒಂದೊಂದು ಮೂಲ್ಯಾಗ ಇರತದ. ಹಚ್ಚಿದ ಮ್ಯಾಲೆ ಸಿನಿಮಾ ಶುರುವಾದ್ರ ಟಿವಿ ತಾನ 24ಕ್ಕ ಇಳೀತದ, ನಮ್ಮ ಸೀರಿಯಲ್ ಬಂದ್ರ 50ಕ್ಕ. ಅಂದ್ರ ಎಲಿ ಎಣಸಿ ಹೋಳಿಗಿ ತರೋದು. ಎಲ್ಲಾ ಆ್ಯಪ್ ಇದನ್ನ ಕೇಳೋದಿಲ್ಲ ಅನ್ನೋದೂ ಖರೇ, ನಮ್ಮನ್ಯಾಗ ಎರಡು ಕೇಳತಾವ, ಒಂದು ಕೇಳೋದಿಲ್ಲ. ಮತ್ತ ಟಿವ್ಯಾಗಿನ ಆ ಸ್ಮೂದಿಂಗ್ ಬಂದ್ ಮಾಡ್ರಿ. ಹೊಸಾ ಟಿವಿ ಕೆಲವದರಾಗ ‘ಫಿಲ್ಮ್‌ಮೇಕರ್ ಮೋಡ್’ ಅಂತ ಇರತದ, ಅದು ಹಾಕಿದ್ರ ಸ್ಮೂದಿಂಗ್ ತಾನ ಹೋಗತದ.

ಈಗ ಜಗಳದ ವಿಷಯ. ಇದನ್ನ ಹಚ್ಚಿದ್ರ ಸಿನಿಮಾ ಶುರುವಾಗೋ ಮುಂದ, ಮುಗದಾಗ, ಪರದೆ ಒಂದೆರಡು ಸೆಕೆಂಡ್ ಕರ್ರಗಾಗತದ. ಟಿವಿ ಮತ್ತ ಕಡ್ಡಿ ಹೊಸಾ ವೇಗಕ್ಕ ಹೊಂದ್ಕೊಳ್ಳೋತನಕ ತೋರಸಲಿಕ್ಕೆ ಚಿತ್ರ ಇರೋದಿಲ್ಲ, ಅಷ್ಟ. ಮೊದಲನೇ ಸಲ ಅತ್ತಿ ‘ಕರೆಂಟ್ ಹೋತೇನವಾ?’ ಅಂದ್ರು. ನಮ್ಮನಿಯವರು ‘ಛಲೋ ಟಿವಿ ಕೆಡಿಸಿಟ್ರಿ’ ಅಂತ ಎರಡು ಸಲ ಅದನ್ನ ತಗದು ಹಾಕಿದ್ರು. ಮಗ ಬೆಂಗಳೂರಿಂದ ‘ಕಂಪನಿಯವರು ಹೆಂಗ ಇಟ್ಟಾರ ಹಂಗ ಬಿಡು, ಅವರಿಗೆ ಗೊತ್ತಿರೋದಿಲ್ಲೇನು’ ಅಂತ ತಿಳಿಸಿ ಹೇಳಿದಾ.

ನಾ ಪಿಯುಸಿ ಓದಿದಾಕಿ, ಲೆಕ್ಕಕ್ಕ ಹೆದರೋದಿಲ್ಲ. ಕ್ಯಾಲೆಂಡರ್ ಹಿಂದ ಬರದು ತೋರಿಸಿದೆ. ಸೆಕೆಂಡಿಗೆ 24 ಚಿತ್ರದಾಗ 12 ಸಲ ಈ ಎರಡು-ಮೂರರ ಎಡವು. ಎರಡೂವರಿ ತಾಸಿನ ಸಿನಿಮಾ ಅಂದ್ರ 9,000 ಸೆಕೆಂಡ್. ಒಟ್ಟು 1,08,000 ಸಲ. ನಿಮ್ಮ ಎರಡು ಸೆಕೆಂಡಿನ ಕರೀ ಪರದೆ ತಪ್ಪಸಲಿಕ್ಕೆ ನಮ್ಮ ಅತ್ತಿ ಒಂದು ಲಕ್ಷದ ಎಂಟು ಸಾವಿರ ಸಲ ಎಡವಬೇಕೇನು? ನಮ್ಮನಿಯವರು ಏನೂ ಅನ್ನಲಿಲ್ಲ, ಪೇಪರ್ ತಗೊಂಡ್ರು.

ಕಂಪನಿಯವರ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಪರದೆ ಕರ್ರಗಾದ್ರ ಎಲ್ಲಾರಿಗೂ ಕಾಣತದ, ಮಂದಿ ಫೋನ್ ಮಾಡಿ ಕೆಟ್ಟದ ಅಂತಾರ. ಚಿತ್ರ ಎಡವಿದ್ರ ಯಾರೂ ಫೋನ್ ಮಾಡೋದಿಲ್ಲ, ತಮ್ಮ ಕಣ್ಣಿಗೆ ಚಷ್ಮಾ ಮಾಡಿಸ್ಕೋತಾರ. ಹಂಗಾಗಿ ಕಂಪನಿಗೆ ಯಾವ ಸೆಟ್ಟಿಂಗ್ ಸುಖ, ಅದು ಡಬ್ಬ್ಯಾಗ ಬರತದ. ನಮಗ ಯಾವುದು ಸುಖ ಅಂತ ನಾವ ನೋಡ್ಕೋಬೇಕು. ಮಿಕ್ಸರ್ ತಂದ ದಿನ ಅದರ ಜೋಡಿ ಬಂದ ಪುಸ್ತಕ ಓದತೀವಿ, ಕುಕ್ಕರಿಗೆ ಎಷ್ಟು ಸೀಟಿ ಅಂತ ನಾವ ಠರಾವ ಮಾಡತೀವಿ. ಟಿವಿ ಒಂದಕ್ಕ ಮಾತ್ರ ಗಂಡಮಕ್ಕಳು ಹೇಳಿದ್ದ ವೇದ ಯಾಕ?

ಹಂಗಂತ ಎಲ್ಲಾರ ಮನ್ಯಾಗೂ ಇದು ಬೇಕು ಅನ್ನೋದಿಲ್ಲ. ಯೂಟ್ಯೂಬಿನಾಗ ಎರಡೆರಡು ನಿಮಿಷದ ರಂಗೋಲಿ, ರೆಸಿಪಿ ಹಾರಿ ಹಾರಿ ನೋಡೋರಿಗೆ ಪ್ರತಿ ಸಲ ಕರ್ರಗಾದ್ರ ತಲಿ ಕೆಡತದ, ಅವರು ಹಚ್ಚಬ್ಯಾಡ್ರಿ. ನಡುವ ಜಾಹೀರಾತು ಬರೋ ಆ್ಯಪ್‌ನಾಗ ಕೆಲವೊಮ್ಮೆ ಜಾಹೀರಾತಿಗೊಮ್ಮೆ ಕರ್ರಗಾಗತದ, ಅದು ಖರೇನ ಕಿರಿಕಿರಿ. 120 ಹರ್ಟ್ಝ್‌ನ ತುಟ್ಟಿ ಟಿವಿ ಇದ್ದವರಿಗೆ ಸಿನಿಮಾದ್ದು ತೊಂದ್ರಿ ಕಡಿಮಿ, ಕಡ್ಡಿನೂ 120 ಕೊಟ್ರ 24 ಎಲಿಗೆ ತಲಾ ಐದು, ಸರಿಯಾಗಿ ಕೂಡತದ. ಮತ್ತ ಕೆಲವರಿಗೆ ಈ ಎಡವೋದು ಕಾಣೋದ ಇಲ್ಲ. ನಮ್ಮನಿಯವರಿಗೆ ಕಾಣೋದಿಲ್ಲ, ಸುಳ್ಳಾಡತಿಲ್ಲ ಅವರು. ಕಾಣದಿದ್ರ ತಪ್ಪಿಲ್ಲರಿ. ಕಾಣೋರಿಗೆ ‘ನಿನ್ನ ಕಣ್ಣು ಹೋಗ್ಯಾವ’ ಅನ್ನೋದು ತಪ್ಪು.

ಸಂಶಯ ಇದ್ರ ಒಂದು ಪರೀಕ್ಷೆ ಮಾಡಿ ನೋಡ್ರಿ. ನ್ಯೂಸ್ ಹಚ್ಚಿ ಕೆಳಗಿನ ಓಡೋ ಪಟ್ಟಿ ನೋಡ್ರಿ, ಇಲ್ಲಾ ಸಿನಿಮಾ ಮುಗದ ಮ್ಯಾಲೆ ಹೆಸರು ಮ್ಯಾಲೆ ಏರತಾವಲ್ಲ, ಅದನ್ನ ನೋಡ್ರಿ. ಅಕ್ಷರ ಎಣ್ಣಿ ಹಚ್ಚಿದಂಗ ಜಾರಿದ್ರ ಏನೂ ಮಾಡಬ್ಯಾಡ್ರಿ. ಮೆಟ್ಟಲ ಹತ್ತಿದಂಗ ಏರಿದ್ರ ಸೆಟ್ಟಿಂಗ್‌ನಾಗ ಕೈ ಹಾಕ್ರಿ, ಬ್ಯಾಡ ಅನ್ನಿಸಿದ್ರ ಹೊಳ್ಳಿ ಬಂದ್ ಮಾಡಬಹುದು, ಏನೂ ಸುಡೋದಿಲ್ಲ.

ನಮ್ಮ ಅತ್ತಿ ಈಗ ಮತ್ತ ಮಧ್ಯಾಹ್ನ ಎದ್ದು ಕೂಡತಾರ. ಮೊನ್ನೆ ‘ನಾಗರಹಾವು’ ಹೊಳ್ಳಿ ಹಚ್ಚಿಸಿ ಕಡೀತನಕ ನೋಡಿದ್ರು, ಚಾ ಆರಿ ಹೋಗಿತ್ತು. ಪರದೆ ಕರ್ರಗಾದಾಗ ನಮ್ಮನಿಯವರು ರಿಮೋಟ್‌ಗೆ ಕೈ ಹಾಕಿದ್ರ ‘ತಡಿಯೋ, ಅದು ಎಲಿ ಎಣಸಲಿಕ್ಕತ್ತದ’ ಅಂತಾರ. ಹಳೇ ಚಷ್ಮಾ ನಾ ಇನ್ನೂ ಒಗದಿಲ್ಲ, ಅಕ್ಕಿ ಆರಸಲಿಕ್ಕೆ ಅದ ಛಲೋ. ಓಣ್ಯಾಗಿನವರು ಯಾರಿಗರ ಸೆಟ್ಟಿಂಗ್ ಸಿಗಲಿಲ್ಲಂದ್ರ ಫೋನಿನಾಗ ಕೇಳಬ್ಯಾಡ್ರಿ, ನನಗೂ ಎದುರಿಗೆ ಪರದೆ ಇಲ್ಲದ ಹೇಳಲಿಕ್ಕೆ ಬರೋದಿಲ್ಲ. ನಾಕು ಗಂಟೆ ಮ್ಯಾಲೆ ಕರೀರಿ, ನಾನ ಬರತೀನಿ. ನಿಮ್ಮ ರಿಮೋಟ್‌ಗೆ ಸೆಲ್ ಹಾಕಿಟ್ಟಿರ್ರಿ.