ಕೂಡಿಸುವುದು ಸುಲಭ, ಕಳಚುವುದು ಕಷ್ಟ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಗಣಕಯಂತ್ರದ ಸ್ಮೃತಿಯ ಕುರಿತು ಬರೆಯಹೊರಟಿರುವುದು ಕೆಲವರಿಗೆ ಅಪ್ರಸ್ತುತವೆನಿಸೀತು. ಆದರೆ ಇಲ್ಲಿ ಅಕ್ಷರ ಕಲಿತ ಹಲವರು, ಅವರ ಮಕ್ಕಳೂ, ಇಂದು ಮಂಗಳೂರು, ಬೆಂಗಳೂರುಗಳಲ್ಲಿ ಇದೇ ವೃತ್ತಿಯಲ್ಲಿದ್ದಾರೆ. ಆ ವೃತ್ತಿಯಲ್ಲಿ ಹೊಸದನ್ನು ಕಟ್ಟಿದವನಿಗೆ ಸಲ್ಲುವ ಮನ್ನಣೆ, ಇದ್ದುದರ ದೋಷವನ್ನು ತಿದ್ದಿದವನಿಗೆ ಸಲ್ಲುವುದಿಲ್ಲ. ಈ ತಾರತಮ್ಯ ಅನ್ಯಾಯವೆಂದು ನನ್ನ ಅಭಿಪ್ರಾಯ. ಒಂದು ನಿದರ್ಶನವನ್ನು ಓದುಗರ ಮುಂದಿಡುತ್ತೇನೆ.

ಲಿನಕ್ಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಯಂತ್ರವನ್ನು ನಿಲ್ಲಿಸದೆಯೇ ಅದಕ್ಕೆ ಸ್ಮೃತಿಯನ್ನು ಕೂಡಿಸುವ, ಬೇಡವಾದಾಗ ಕಳಚುವ ಏರ್ಪಾಡು ಅದರಲ್ಲಿದೆ. ಮನೆಯ ಯಂತ್ರಕ್ಕೆ ಇದರ ಗೊಡವೆ ಬೇಡ. ನಿಲ್ಲಿಸಿ ಮತ್ತೆ ನಡೆಸಿದರಾಯಿತು. ಹಗಲಿರುಳು ದುಡಿಯುವ ದೊಡ್ಡ ಸರ್ವರುಗಳಿಗೆ, ಒಂದೇ ಯಂತ್ರವನ್ನು ಹಲವು ಕಲ್ಪಿತ ಯಂತ್ರಗಳಾಗಿ ಹಂಚಿಕೊಡುವವರಿಗೆ, ಅದು ಅನಿವಾರ್ಯ.

ಕೂಡಿಸುವಾಗ ಬರುವುದು ಬರಿದಾದ ಸ್ಥಳ. ಕಳಚುವಾಗಲಾದರೋ ಅಲ್ಲಿ ಈಗಾಗಲೇ ಒಕ್ಕಲು ಕುಳಿತಿರುತ್ತದೆ. ಇಂಟೆಲ್ ಮಾದರಿಯ 64 ಬಿಟ್ಟಿನ ಯಂತ್ರದಲ್ಲಿ ಸಾಮಾನ್ಯವಾಗಿ ಕಳಚುವ ತುಂಡು 128 ಮೆಗಾಬೈಟು; ಎಂದರೆ 4 ಕಿಲೋಬೈಟಿನ 32,768 ಪುಟಗಳು. ಅವುಗಳಲ್ಲಿನ ಮಾಹಿತಿಯನ್ನೆಲ್ಲ ಬೇರೆಡೆಗೆ ಸಾಗಿಸಬೇಕು. ಕದಲಿಸಲಾಗದ ಒಂದೇ ಪುಟವಿದ್ದರೂ ಇಡೀ ತುಂಡು ಉಳಿಯುತ್ತದೆ. ಕಳಚುವ ಮುನ್ನ ಕರ್ನೆಲ್ ತನ್ನ ಇತರ ಅಂಗಗಳಿಗೆ ಸೂಚನೆ ಕೊಡುತ್ತದೆ. ಯಾವುದಾದರೊಂದು ಆಕ್ಷೇಪಿಸಿದರೆ ಕೆಲಸ ರದ್ದು, ಆ ರದ್ದತಿಯನ್ನೂ ಎಲ್ಲರಿಗೆ ತಿಳಿಸಬೇಕು. ಹೀಗೆ ಹಿಂದಿರುಗುವ ದಾರಿಯಲ್ಲಿ ಯಾರೂ ಹೆಚ್ಚು ನಡೆಯುವುದಿಲ್ಲವಾದ್ದರಿಂದ, ಅಲ್ಲಿನ ಮುಳ್ಳುಗಳು ವರ್ಷಗಟ್ಟಲೆ ಉಳಿದುಬಿಡುತ್ತವೆ.

ಇನ್ನು ನಾನು ಹೇಳಹೊರಟ ದೋಷ. ಅದನ್ನು ನಮ್ಮ ಶಾಲೆಯ ಕಚೇರಿಯ ಭಾಷೆಯಲ್ಲೇ ಹೇಳುವೆ. ರಿಜಿಸ್ಟರಿನಲ್ಲಿ ಮಗುವಿನ ಹೆಸರು ಸೇರುವುದು ಒಂದು ಹಂತ, ಮಗುವನ್ನು ತರಗತಿಯಲ್ಲಿ ಕೂರಿಸುವುದು ಮತ್ತೊಂದು. ಸ್ಮೃತಿಗೂ ಹಾಗೆಯೇ: ಮೊದಲು ಕೂಡಿಸುವುದು, ಬಳಿಕ ಬಳಕೆಗೆ ತರುವುದು. ಅದು ಯಾವ ವಲಯಕ್ಕೆ ಸೇರಿದ್ದೆಂಬುದು ಹಿಂದೆ ಕೂಡಿಸಿದಾಗಲೇ ನಿಗದಿಯಾಗುತ್ತಿತ್ತು. 2017ರಲ್ಲಿ ಇದನ್ನು ಬದಲಿಸಿ, ಬಳಕೆಗೆ ತರುವಾಗ ವಲಯ ಗೊತ್ತುಪಡಿಸುವ ಕ್ರಮ ತಂದರು. ಸುಧಾರಣೆಯೇನೋ ಒಳ್ಳೆಯದೇ. ಆದರೆ ಕಳಚುವ ಭಾಗ ಹಳೆಯ ನಂಬಿಕೆಯಲ್ಲೇ ಉಳಿಯಿತು. ಬಳಕೆಗೇ ಬಾರದ ಸ್ಮೃತಿಯನ್ನು ಕಳಚುವಾಗಲೂ ಅದು ಮೊದಲ ಪುಟದ ದಾಖಲೆಯನ್ನು ತೆರೆದು ವಲಯವನ್ನು ಹುಡುಕುತ್ತಿತ್ತು. ಆ ದಾಖಲೆಯನ್ನು ಯಾರೂ ಬರೆದೇ ಇರಲಿಲ್ಲ. ಅಲ್ಲಿದ್ದುದು ಬರಿಯ ಕಸ. ಕಸವನ್ನು ವಿಳಾಸವೆಂದು ನಂಬಿ ಹೋದ ಕರ್ನೆಲ್ ಕುಸಿಯುವ ಸಂಭವವಿತ್ತು. ತರಗತಿಯಲ್ಲಿ ಒಂದು ದಿನವೂ ಕೂರದ ಮಗುವಿಗೆ ಟಿ.ಸಿ. ಬರೆಯಹೊರಟ ಗುಮಾಸ್ತರು, ಕಾಲಂನಲ್ಲಿದ್ದ ಯಾವುದೋ ಗೀಚನ್ನು ಓದಿ, ಇನ್ನಾವುದೋ ತರಗತಿಯ ಹಾಜರಿಪುಸ್ತಕಕ್ಕೆ ಕೈಹಾಕಿದಂತೆ.

ತಿದ್ದುಗಾರನ ಪ್ರತಿಭೆ ಕಾಣುವುದು ಇಲ್ಲಿ. ‘ದಾಖಲೆ ಸರಿಯಿಲ್ಲದಿದ್ದರೆ ಬಿಟ್ಟುಬಿಡು’ ಎಂದು ಒಂದು ಸಾಲು ಸೇರಿಸಿದರೆ ಸಾಲದೆ? ಸಾಲದು, ಕಸಕ್ಕೂ ನಿಜವಾದ ಬರಹಕ್ಕೂ ನೋಟದಲ್ಲಿ ಅಂತರವಿಲ್ಲ. ರೆಡ್ ಹ್ಯಾಟ್ ಸಂಸ್ಥೆಯ ಡೇವಿಡ್ ಹಿಲ್ಡನ್‌ಬ್ರಾಂಡ್ ಅವರು ಕೆಲಸದ ಜಾಗವನ್ನೇ ಬದಲಿಸಿದರು. ವಲಯದ ಲೆಕ್ಕದಿಂದ ಸ್ಮೃತಿಯನ್ನು ತೆಗೆಯುವುದನ್ನು ಕಳಚುವ ಹಂತದಿಂದ ಹಿಂದಕ್ಕೆ, ಬಳಕೆಯಿಂದ ನಿವೃತ್ತಗೊಳಿಸುವ ಹಂತಕ್ಕೆ ಒಯ್ದರು. ಅಲ್ಲಿ ವಲಯ ಯಾವುದೆಂಬುದು ನಿಶ್ಚಿತ. ಬಳಕೆಗೆ ಬಾರದ ಸ್ಮೃತಿ ಆ ಬಾಗಿಲಿಗೆ ಬರುವುದೇ ಇಲ್ಲ. ಮಗು ತರಗತಿಯಿಂದ ಎದ್ದಾಗಲೇ ಹಾಜರಿಯಲ್ಲಿ ಹೆಸರು ಹೊಡೆದರೆ ಟಿ.ಸಿ. ಬರೆಯುವವರು ಊಹಿಸಬೇಕಾದ ಪ್ರಮೇಯವಿಲ್ಲ. 2020ರ ಜನವರಿಯಲ್ಲಿ ಹೊರಬಂದ 5.5ನೆಯ ಆವೃತ್ತಿಯಲ್ಲಿ ಈ ತಿದ್ದುಪಡಿ ಸೇರಿತು.

ಇದರಿಂದ ಬಳಕೆದಾರನ ಕಣ್ಣಿಗೆ ಹೊಸದೇನೂ ಕಾಣಲಿಲ್ಲ. ಕುಸಿಯಬಹುದಾಗಿದ್ದ ಯಂತ್ರ ಕುಸಿಯಲಿಲ್ಲ, ಅಷ್ಟೇ. ಆಗದ ಅನಾಹುತಕ್ಕೆ ಹಾರ ಹಾಕುವವರಿಲ್ಲ. ಆದರೆ ಇದನ್ನು ಮಾಡಲು ಪರರು ಬರೆದುದನ್ನು ಅವರಿಗಿಂತ ಚೆನ್ನಾಗಿ ಓದಬೇಕು, ಸುಮಾರು ಎರಡೂವರೆ ವರ್ಷ ಹಿಂದಿನ ಬದಲಾವಣೆಯ ಉದ್ದೇಶವನ್ನು ಕೆಡಿಸದೆ ಅದರ ಮರೆವನ್ನು ಮಾತ್ರ ತುಂಬಬೇಕು. ಕಟ್ಟುವವನಿಗಿಂತ ಇವನ ವಿದ್ಯೆ ಕಿರಿದೆಂದು ನಾನು ಒಪ್ಪಲಾರೆ.

ಉದ್ಯೋಗಕ್ಕೆ ಜನರನ್ನು ಆರಿಸುವ ಸ್ಥಾನದಲ್ಲಿರುವ ನಮ್ಮ ಹಳೆವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮುಂದಿನ ಸಂದರ್ಶನದಲ್ಲಿ ‘ನೀವು ಏನು ಕಟ್ಟಿದಿರಿ?’ ಎಂದು ಕೇಳಿದ ಮೇಲೆ, ‘ಇತರರು ಬರೆದುದರಲ್ಲಿ ಏನನ್ನು ತಿದ್ದಿದಿರಿ?’ ಎಂದೂ ಕೇಳಿರಿ. ಎರಡಕ್ಕೂ ಸಮನಾದ ಅಂಕ ಕೊಡಿರಿ.